ಪ್ರಶ್ನೆ ಕೇಳುವ ಮುನ್ನ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರು ವರದಕ್ಷಿಣೆ ಹಾಗೂ ಕೌಟುಂಬಿಕ ದೌರ್ಜನ್ಯ ಕುರಿತು ಮನೆಮನೆ ಸಮೀಕ್ಷೆಗೆ ಹೊರಟಿದ್ದಾರೆ. ಅದರ ತಯಾರಿ ಶಿಬಿರದಲ್ಲಿ ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಬರಹರೂಪ ಇದು.)



ಬೆಳಗ್ಗೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ನಾಲ್ಕು ತಾಲ್ಲೂಕುಗಳಿಂದ ಬಸ್ಸು ಹಿಡಿದು ಬಂದಿದ್ದೀರಿ. ನಿಮ್ಮ ಕೈಯಲ್ಲಿರುವ ಕರಡು ಪ್ರಶ್ನಾವಳಿಯನ್ನು ನಾನು ನಿನ್ನೆ ರಾತ್ರಿ ಓದಿದೆ. ಮೊದಲ ಪುಟದಲ್ಲೇ ಎರಡು ಪ್ರಶ್ನೆಗಳಿವೆ. ‘ನಿಮ್ಮ ಮದುವೆಯಲ್ಲಿ ವರದಕ್ಷಿಣೆ ಕೊಟ್ಟಿದ್ದೀರಾ?’ ಎಂದು ಒಂದು. ‘ನಿಮ್ಮ ಗಂಡ ನಿಮ್ಮ ಮೇಲೆ ದೌರ್ಜನ್ಯ ಮಾಡುತ್ತಾರಾ?’ ಎಂದು ಇನ್ನೊಂದು. ಇವನ್ನು ಹೀಗೇ ಹಿಡಿದುಕೊಂಡು ಊರೂರು ಸುತ್ತಿದರೆ ಬರುವ ಉತ್ತರ ನನಗೆ ಈಗಲೇ ಗೊತ್ತು. ಇದಕ್ಕೂ ಇಲ್ಲ, ಅದಕ್ಕೂ ಇಲ್ಲ. ಆಮೇಲೆ ಯಾರೋ ಆ ಕಾಗದವನ್ನೇ ತೋರಿಸಿ, ‘ನೋಡಿ, ನಮ್ಮ ಕಡೆ ಇದೆಲ್ಲ ಇಲ್ಲವೇ ಇಲ್ಲ’ ಎನ್ನುತ್ತಾರೆ. ನಾವು ಮಾಡಿದ ಸಮೀಕ್ಷೆಯೇ ನಮ್ಮ ಬಾಯಿ ಮುಚ್ಚಿಸುತ್ತದೆ. ಆದ್ದರಿಂದ ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಉತ್ತರದ ಅರ್ಧ ಹೇಳುವವಳ ಹತ್ತಿರ ಇದ್ದರೆ, ಇನ್ನರ್ಧ ಕೇಳುವವಳ ಹತ್ತಿರ ಇದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತೆ. ತೊಂಬತ್ತರ ದಶಕದಲ್ಲಿ ಬಿ.ಎ. ವಿದ್ಯಾರ್ಥಿಗಳನ್ನು ಸಮೀಕ್ಷೆಗೆಂದು ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಊರಿನ ಹೆಸರು ಬೇಡ. ನನ್ನ ವಿದ್ಯಾರ್ಥಿನಿ ಒಂದು ಮನೆಯ ಜಗಲಿಯ ಮೇಲೆ ಕೂತು, ಆ ಮನೆಯ ಸೊಸೆಯನ್ನು ‘ಯಜಮಾನರು ಹೊಡೆಯುತ್ತಾರಾ?’ ಎಂದು ಕೇಳಿದಳು. ಪಕ್ಕದಲ್ಲಿ ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಮೈದುನ ಬಾಗಿಲಿಗೆ ಒರಗಿ ನಿಂತಿದ್ದ. ‘ಅಯ್ಯೋ, ನಮ್ಮನೆಯೋರು ದೇವ್ರಂಥೋರು ಕಣವ್ವ’ ಎಂದಳು ಸೊಸೆ. ನಾವು ‘ಇಲ್ಲ’ ಎಂದು ಗೀಟು ಹಾಕಿದೆವು. ವಾರ ಬಿಟ್ಟು ಉಳಿದ ಮನೆಗಳಿಗೆಂದು ಅದೇ ಬೀದಿಗೆ ಹೋದಾಗ ಅವಳ ತುಟಿ ಊದಿತ್ತು. ‘ಕಾಲೇಜಿನೋರ ಮುಂದೆ ಏನ್ ಬೊಗಳ್ದೆ ಅಂತ ಅವತ್ತು ರಾತ್ರಿಯೇ ಹೊಡ್ದವ್ನೆ’ ಎಂದು ಪಕ್ಕದ ಮನೆಯಾಕೆ ಹೇಳಿದರು. ಅವಳು ಏನೂ ಹೇಳಿರಲಿಲ್ಲ. ನಾವು ಕೇಳಿದ್ದೇ ಅವಳ ಅಪರಾಧವಾಯಿತು. ನಮ್ಮ ವರದಿಯಲ್ಲಿ ಅವಳು ಕೊನೆಗೂ ‘ಇಲ್ಲ’ ಎಂಬ ಸಾಲಿನಲ್ಲೇ ಉಳಿದಳು.

ಸಮೀಕ್ಷೆ ನಿಮಗೆ ಹೊಸದೇನಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಶಾಲೆಯ ಮೇಷ್ಟ್ರು 60 ಪ್ರಶ್ನೆ ಹಿಡಿದು ಮನೆ ಬಾಗಿಲಿಗೆ ಬಂದದ್ದು ನೆನಪಿರಬಹುದು. ಸೋಪಿನ ಕಂಪನಿಯವರು ಯಾವ ಸೋಪು ಹಚ್ಚುತ್ತೀರಿ ಎಂದು ಕೇಳುತ್ತಾರೆ. ಸಾಲ ಕೊಡುವವರು ಆದಾಯ ಎಷ್ಟು, ಬೇರೆ ಸಾಲ ಎಷ್ಟು ಎಂದು ಕೇಳುತ್ತಾರೆ. ಸೋಪಿನ ವಿಷಯದಲ್ಲಿ ಸುಳ್ಳು ಹೇಳಿದರೆ ಯಾರಿಗೂ ನಷ್ಟವಿಲ್ಲ. ನಮ್ಮ ವಿಷಯ ಹಾಗಲ್ಲ. ಇಲ್ಲಿ ನಿಜ ಹೇಳಿದವಳಿಗೇ ಅಪಾಯ.

ಮೊದಲು ವರದಕ್ಷಿಣೆಯ ಪ್ರಶ್ನೆ ತೆಗೆದುಕೊಳ್ಳೋಣ. ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಪಾಠವಿದೆ. 1954ರಲ್ಲಿ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದ್ವಾಂಸೆ ಹೊರದೇಶದಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳ ಅಧ್ಯಯನ ಮಾಡಿದರು. ಒಂದು ನಾಲೆ ನೀರು ಸಿಕ್ಕ ಹಳ್ಳಿ, ಇನ್ನೊಂದು ಸಿಗದ ಹಳ್ಳಿ. ಪುಸ್ತಕದಲ್ಲಿ ಹಳ್ಳಿಗಳ ನಿಜ ಹೆಸರನ್ನು ಮರೆಮಾಚಿದರು. ಅದೂ ನಾವು ಕಲಿಯಬೇಕಾದ ಪಾಠವೇ. ಆಗ ಅಲ್ಲಿನ ಒಕ್ಕಲಿಗರಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಕಡೆಗೆ ತೆರ ಕೊಡುತ್ತಿದ್ದರು. 1970ರಲ್ಲಿ ಅವರು ಮರಳಿ ಬಂದು ನೋಡಿದರೆ ತೆರದ ಜಾಗಕ್ಕೆ ವರದಕ್ಷಿಣೆ ಬಂದಿತ್ತು. ಯೋಚಿಸಿ. ‘ತೆರ ಎಷ್ಟು?’ ಎಂಬ ಹಳೆಯ ಪ್ರಶ್ನೆಯೊಂದನ್ನೇ ಅವರು ಮತ್ತೆ ಕೇಳಿದ್ದರೆ, ‘ಏನೂ ಇಲ್ಲ’ ಎಂಬ ಉತ್ತರ ಬಂದು, ಮದುವೆಯಲ್ಲಿ ದುಡ್ಡಿನ ವ್ಯವಹಾರವೇ ನಿಂತುಹೋಗಿದೆ ಎನಿಸುತ್ತಿತ್ತು.

ಇವತ್ತು ಹೆಸರು ಮತ್ತೆ ಬದಲಾಗಿದೆ. ‘ವರದಕ್ಷಿಣೆ ಎಲ್ಲಿ ಬಂತು ಬುಡಿ, ಮಗಳಿಗೆ ಪ್ರೀತಿಯಿಂದ ಕೊಟ್ಟೋ’ ಎನ್ನುತ್ತಾರೆ. ವರೋಪಚಾರ, ಉಡುಗೊರೆ, ಹುಡುಗನಿಗೊಂದು ಗಾಡಿ, ಮೈಸೂರಲ್ಲೊಂದು ಸೈಟು, ಇವೆಲ್ಲ ಪ್ರೀತಿಯ ಲೆಕ್ಕಕ್ಕೆ ಹೋಗುತ್ತವೆ. ಇನ್ನೊಂದು ಕಾರಣವೂ ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಹಾಗಿರುವಾಗ ಯಾವ ತಂದೆತಾಯಿ ‘ಹೌದು, ಕೊಟ್ಟೆವು’ ಎಂದು ನಿಮ್ಮ ಕಾಗದದ ಮೇಲೆ ಬರೆಸಿಯಾರು?

ಆದ್ದರಿಂದ ಹೆಸರನ್ನು ಬಿಡಿ, ನಡೆದದ್ದನ್ನು ಕೇಳಿ. ಮದುವೆ ಎಲ್ಲಿ ಆಯಿತು? ಛತ್ರದ ಬಾಡಿಗೆ ಯಾರು ಕೊಟ್ಟರು? ಹುಡುಗನಿಗೆ ಏನೇನು ಕೊಡಬೇಕಾಯಿತು? ಅದನ್ನು ಯಾರು ಮಾತಾಡಿ ತೀರ್ಮಾನ ಮಾಡಿದರು? ಹಣ ಹೊಂದಿಸಿದ್ದು ಹೇಗೆ, ಜಮೀನು ಮಾರಿಯೋ, ಒಡವೆ ಅಡವಿಟ್ಟೋ, ಸಾಲ ತಂದೋ? ಆ ಸಾಲ ಇನ್ನೂ ಎಷ್ಟು ಬಾಕಿ ಇದೆ? ಮೊದಲ ಯುಗಾದಿಗೆ, ಬಾಣಂತನಕ್ಕೆ ಮತ್ತೇನಾದರೂ ತರಬೇಕೆಂದು ಕೇಳಿದರಾ?

ಸಾಲದ ಮಾತು ಬಂದದ್ದರಿಂದ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ಸಂಘಗಳ ಪುಸ್ತಕದಲ್ಲಿ ‘ಹಸು ಸಾಲ’ ಎಂದು ಬರೆದಿರುವುದರಲ್ಲಿ ಎಷ್ಟು ಹಣ ನಿಜವಾಗಿ ಕೊಟ್ಟಿಗೆಗೆ ಹೋಗಿದೆ, ಎಷ್ಟು ಛತ್ರಕ್ಕೆ ಹೋಗಿದೆ? ಇದು ನಿಮಗೇ ಗೊತ್ತು. ಹಾಗಾಗಿ ಈ ಪ್ರಶ್ನೆಯನ್ನು ಮೊದಲು ನಮ್ಮ ಸಂಘದೊಳಗೇ ಕೇಳಿಕೊಳ್ಳಬೇಕು.

ಎರಡನೆಯದು ಹೊಡೆತದ ಪ್ರಶ್ನೆ. ‘ದೌರ್ಜನ್ಯ’ ಎಂಬುದು ನಮ್ಮ ಭಾಷಣದ ಪದ, ಅಡಿಗೆಮನೆಯ ಪದವಲ್ಲ. ಕೆನ್ನೆಗೆ ಬಿಟ್ಟರೆ ‘ಅದೇನ್ ದೊಡ್ಡದು, ಗಂಡ ಅಂದ್ಮೇಲೆ ಒಂದೇಟು ಹೊಡೀತಾನೆ’ ಎಂದುಕೊಳ್ಳುವ ಹೆಂಗಸು ತನ್ನ ಮೇಲೆ ದೌರ್ಜನ್ಯ ಆಗಿದೆ ಎಂದು ಹೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ಈ ದಾರಿಯಲ್ಲೇ ಕಲಿತರು. 1998-99ರ ಸುತ್ತಿನಲ್ಲಿ ಯಾರಾದರೂ ನಿಮ್ಮನ್ನು ಹೊಡೆದಿದ್ದಾರಾ ಎಂದು ಒಟ್ಟಾಗಿ ಕೇಳಿದ್ದರು. 2005-06ರ ಸುತ್ತಿನಿಂದ ಒಂದೊಂದನ್ನೇ ಬಿಡಿಸಿ ಕೇಳತೊಡಗಿದರು. ತಳ್ಳಿದ್ದಾರಾ, ಏನಾದರೂ ಎಸೆದಿದ್ದಾರಾ? ಕೆನ್ನೆಗೆ ಹೊಡೆದಿದ್ದಾರಾ? ಕೈ ತಿರುಚಿದ್ದಾರಾ, ಜುಟ್ಟು ಹಿಡಿದು ಎಳೆದಿದ್ದಾರಾ? ಒದ್ದಿದ್ದಾರಾ? ಕತ್ತು ಹಿಸುಕಲು, ಸುಡಲು ನೋಡಿದ್ದಾರಾ? ಹೀಗೆ ಕೇಳಿದಾಗ ಅದಕ್ಕೆ ಏನು ಹೆಸರಿಡಬೇಕೆಂಬ ಭಾರ ಅವಳ ಮೇಲಿರುವುದಿಲ್ಲ. ನಡೆದದ್ದನ್ನು ಹೇಳಿದರೆ ಸಾಕು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಗಮನಿಸಿ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರಲ್ಲಿ ಶೇ. 20.6. 2019-21ರ ಸುತ್ತಿನಲ್ಲಿ ಅದು ಶೇ. 44.4. ನಾಲ್ಕು ವರ್ಷದಲ್ಲಿ ನಮ್ಮ ಗಂಡಸರು ಎರಡು ಪಟ್ಟು ಕ್ರೂರಿಗಳಾದರೆ? ಅಥವಾ ನಮ್ಮ ಹೆಂಗಸರು ಹೆಚ್ಚು ಬಾಯಿ ಬಿಟ್ಟರೆ? ಕೇಳುವವರು ಹೆಚ್ಚು ನೆಮ್ಮದಿಯಿಂದ ಕೇಳಿದರೆ? ಅಂಕಿಯೊಂದೇ ಇದನ್ನು ಹೇಳುವುದಿಲ್ಲ. ಅಂಕಿ ಕಡಿಮೆ ಬಂದ ಕೂಡಲೇ ನೆಮ್ಮದಿಪಡಬಾರದು. ಹೆಚ್ಚು ಬಂದ ಕೂಡಲೇ ಊರು ಕೆಟ್ಟಿತೆಂದು ಕೂಗಬಾರದು. ಹೇಗೆ ಕೇಳಿದರು ಎಂಬುದನ್ನು ಮೊದಲು ನೋಡಬೇಕು.

ಮನಸ್ಸಿನಲ್ಲಿರುವುದನ್ನು ನೇರವಾಗಿ ಕೇಳಿದರೆ ಬಾಯಿಪಾಠದ ಉತ್ತರವೇ ಬರುತ್ತದೆ. ‘ಗಂಡು ಬೇಕೋ ಹೆಣ್ಣು ಬೇಕೋ?’ ಎಂದರೆ ‘ದೇವ್ರು ಕೊಟ್ಟಿದ್ದು, ಯಾವುದಾದ್ರೂ ಸರಿ’ ಎನ್ನುತ್ತಾರೆ. ಆದರೆ ಹೆಣ್ಣು ಭ್ರೂಣವನ್ನು ಪತ್ತೆ ಮಾಡಿ ತೆಗೆಸುವ ಜಾಲ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲೇ ನಡೆಯುತ್ತಿತ್ತೆಂದು 2023ರಲ್ಲಿ ಬಯಲಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ! ‘ಯಾವುದಾದರೂ ಸರಿ’ ಎಂಬ ಉತ್ತರವನ್ನು ನಂಬಿದ್ದರೆ ಇದು ನಮಗೆ ಎಂದಾದರೂ ಕಾಣುತ್ತಿತ್ತೇ?

ಮೂರನೆಯದು, ಎಲ್ಲಿ ಕೇಳಬೇಕು ಎಂಬುದು. ಆ ದೊಡ್ಡ ಸಮೀಕ್ಷೆಯ ನಿಯಮ ಇದು: ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಈ ಪ್ರಶ್ನೆಗಳನ್ನು ಕೇಳಬೇಕು. ಅವಳು ಒಬ್ಬಳೇ ಇರಬೇಕು. ಏಕಾಂತ ಸಿಗದಿದ್ದರೆ ಆ ಭಾಗವನ್ನು ಬಿಟ್ಟುಬಿಡಬೇಕು. ನಾವೂ ಹಾಗೇ ಮಾಡೋಣ. ಜಗಲಿ ಬೇಡ. ಹಿತ್ತಿಲು, ಹೊಲದ ಬದು, ಬಟ್ಟೆ ಒಗೆಯುವ ನಾಲೆಯ ಮೆಟ್ಟಿಲು, ಎಲ್ಲಿ ಅವಳಿಗೆ ಧೈರ್ಯವೋ ಅಲ್ಲಿ. ಮಧ್ಯೆ ಯಾರಾದರೂ ಬಂದರೆ ತಕ್ಷಣ ಪುಟ ತಿರುಗಿಸಿ, ಹಾಲಿನ ರೇಟು, ರೇಷನ್ ಅಕ್ಕಿಯ ಮಾತು ತೆಗೆಯಿರಿ. ಅದಕ್ಕಾಗಿಯೇ ಒಂದು ಪುಟ ಇಟ್ಟುಕೊಂಡಿರಿ. ಸ್ವಂತ ಊರಿನಲ್ಲಿ ಕೇಳಬೇಡಿ. ನಾಗಮಂಗಲದವರು ಪಾಂಡವಪುರಕ್ಕೆ ಹೋಗಲಿ, ಶ್ರೀರಂಗಪಟ್ಟಣದವರು ಕೆ.ಆರ್. ಪೇಟೆಗೆ ಹೋಗಲಿ. ನೆಂಟಸ್ತಿಕೆ ಇರುವಲ್ಲಿ ನಿಜ ಹೊರಗೆ ಬರುವುದಿಲ್ಲ. ಬಂದರೆ ಗುಟ್ಟು ಉಳಿಯುವುದಿಲ್ಲ. ಹೆಸರು, ಫೋನ್ ನಂಬರು, ಆಧಾರ್ ಏನೂ ಬರೆಯಬೇಡಿ. ಕಾಗದದ ಮೇಲೆ ಒಂದು ಕ್ರಮಸಂಖ್ಯೆ ಇದ್ದರೆ ಸಾಕು. ‘ಹೇಳಲು ಇಷ್ಟವಿಲ್ಲ’ ಎನ್ನುವ ಹಕ್ಕು ಅವಳಿಗಿದೆ ಎಂದು ಮೊದಲೇ ತಿಳಿಸಿ.

ನಾಲ್ಕನೆಯದು, ಯಾರನ್ನು ಕೇಳಬೇಕು? ಸಭೆಗೆ ಬರುವವರನ್ನೇ ಕೇಳಿದರೆ ಸುಲಭ. ಆದರೆ ಸಭೆಗೆ ಬರಲು ಬಿಡದ ಮನೆಯಲ್ಲಿರುವವಳ ಕತೆ ಯಾರು ಹೇಳಬೇಕು? ಊರಿನ ಮನೆಗಳ ಪಟ್ಟಿ ಮಾಡಿ, ಐದು ಮನೆಗೊಂದರಂತೆ ಹೋಗಿ. ದಲಿತ ಕೇರಿ, ಸಾಬರ ಬೀದಿ, ತೋಟದ ಮನೆ ಯಾವುದೂ ಪಟ್ಟಿಯಿಂದ ತಪ್ಪಬಾರದು. ‘ಕಳೆದ 12 ತಿಂಗಳಲ್ಲಿ’ ಎಂದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಮೇಲುಕೋಟೆಯ ವೈರಮುಡಿ ಆದ ಮೇಲೋ ಮುಂಚೆಯೋ, ಹೇಮಗಿರಿ ಜಾತ್ರೆಯ ಹೊತ್ತಿಗೋ ಎಂದು ಕೇಳಿ, ನೆನಪು ತಾನಾಗಿ ಬರುತ್ತದೆ. ಒಂದು ಪ್ರಶ್ನೆಯೊಳಗೆ ಎರಡನ್ನು ತುರುಕಬೇಡಿ. ‘ಗಂಡ, ಅತ್ತೆ ಬೈಯುತ್ತಾರಾ?’ ಎಂದರೆ ‘ಹೌದು’ ಎಂಬುದು ಯಾರ ಲೆಕ್ಕಕ್ಕೆ?

ಕೊನೆಯದಾಗಿ, ಕೇಳಿದ ಮೇಲೆ ಏನು? ಒಬ್ಬಳು ಹತ್ತು ವರ್ಷದ ಗಾಯ ಬಿಚ್ಚಿ ತೋರಿಸಿದ ಮೇಲೆ ‘ಥ್ಯಾಂಕ್ಸ್ ಅಕ್ಕ’ ಎಂದು ಪೆನ್ನು ಮುಚ್ಚಿ ಎದ್ದು ಬರಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಎಂದು ಬಾಯಲ್ಲಿ ಹೇಳಿ. ಚೀಟಿ ಕೊಟ್ಟರೆ ಅದು ಗಂಡನ ಕೈಗೆ ಸಿಗಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮನೆಯಿಂದ ಹೊರಹಾಕದಂತೆ ಆದೇಶ ಪಡೆಯಬಹುದು, ಜೀವನಾಂಶ ಕೇಳಬಹುದು ಎಂದು ತಿಳಿಸಿ. ಅವಳು ಬಯಸಿದರೆ ಸಂರಕ್ಷಣಾಧಿಕಾರಿಯ ಹತ್ತಿರ ಜೊತೆಗೆ ಹೋಗಿ. ಬಯಸದಿದ್ದರೆ ಒತ್ತಾಯ ಬೇಡ. ಲೆಕ್ಕ ಹಾಕಿದ ಮೇಲೆ ಫಲಿತಾಂಶವನ್ನು ಅದೇ ಊರುಗಳ ಸಭೆಯಲ್ಲಿ, ಯಾರ ಗುರುತೂ ಸಿಗದಂತೆ, ಓದಿ ಹೇಳಿ. ನೂರು ಮನೆ ಕೇಳಿ ‘ಇಡೀ ಜಿಲ್ಲೆ ಹೀಗೆ’ ಎನ್ನಬೇಡಿ. ನೂರು ಮನೆಯಲ್ಲಿ ಕಂಡದ್ದನ್ನು ನೂರು ಮನೆಯಲ್ಲಿ ಕಂಡದ್ದು ಎಂದೇ ಹೇಳಿ. ಅಷ್ಟು ಹೇಳಿದರೂ ಅದಕ್ಕೆ ತೂಕವಿದೆ.

ಊಟವಾದ ಮೇಲೆ ಇಬ್ಬಿಬ್ಬರು ಕೂತು ಆ ಎರಡು ಪ್ರಶ್ನೆಗಳನ್ನು ಹೊಡೆದುಹಾಕಿ, ಹೊಸದಾಗಿ ಬರೆಯಿರಿ. ಬರೆದದ್ದನ್ನು ಮೊದಲು ನೀವು ನೀವೇ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ನಿಮಗೆ ಉತ್ತರಿಸಲು ಕಷ್ಟವಾದ ಪ್ರಶ್ನೆಯನ್ನು ಬೇರೆಯವಳ ಮುಂದೆ ಇಡುವ ಮುನ್ನ ಇನ್ನೊಮ್ಮೆ ತಿದ್ದಿ. ಆ ಊದಿದ ತುಟಿಯ ಹೆಣ್ಣುಮಗಳ ಕ್ಷಮೆ ಕೇಳುವ ಅವಕಾಶ ನನಗೆ ಸಿಗಲಿಲ್ಲ. ನಿಮ್ಮ ಸಮೀಕ್ಷೆಯಿಂದ ಒಬ್ಬಳೂ ಅಂಥ ಏಟು ತಿನ್ನದಿರಲಿ, ಮತ್ತು ಅಂಥವಳೊಬ್ಬಳೂ ‘ಇಲ್ಲ’ ಎಂಬ ಸಾಲಿನಲ್ಲಿ ಕಳೆದುಹೋಗದಿರಲಿ.