ಗಾಳಿ ನಿಂತ ಹೊತ್ತಿನ ನೀರು



ಈ ಉಪನ್ಯಾಸ ಮಾಲೆಯ ಆಮಂತ್ರಣದಲ್ಲಿ ‘ಡಚ್ಚರ ಸಮುದ್ರ ಚಿತ್ರಗಳು’ ಅಂತ ಅಚ್ಚಾಗಿದ್ದನ್ನು ನೋಡಿ ನನ್ನ ಗೆಳೆಯರೊಬ್ಬರು ಫೋನ್ ಮಾಡಿದರು. “ಅಲ್ಲಯ್ಯಾ, ತುಮಕೂರಿಗೂ ಸಮುದ್ರಕ್ಕೂ ಎತ್ತಣಿಂದೆತ್ತ ಸಂಬಂಧ? ನಾವು ಕುಡಿಯೋ ನೀರಿಗೇ ಹೇಮಾವತಿ ನಾಲೆ ಯಾವಾಗ ಬಿಡ್ತಾರೆ ಅಂತ ಕಾಯೋ ಜನ” ಅಂದರು. ಆ ಕಾಯೋದಿದೆಯಲ್ಲ, ನನ್ನ ಮಾತು ಅಲ್ಲಿಂದಲೇ ಶುರುವಾಗುತ್ತೆ.

ಪರದೆಯ ಮೇಲಿರುವ ಚಿತ್ರ ನೋಡಿ. ಮೂಲ ಇರೋದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ. ಹೆಸರು ‘ತೋಪಿನ ಹೊಡೆತ’, ಬರೆದದ್ದು ಸುಮಾರು 1680ರಲ್ಲಿ, ಬರೆದವನು ಕಿರಿಯ ವಿಲ್ಲೆಮ್ ವಾನ್ ಡೆ ವೆಲ್ಡೆ. ಇಲ್ಲಿ ಗೋಡೆ ತುಂಬ ಕಾಣುತ್ತಿದೆ, ಆದರೆ ನಿಜವಾದ ಚಿತ್ರದ ಎತ್ತರ ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು, ಅಗಲ ಇನ್ನೂ ಕಡಿಮೆ. ಒಂದು ಯುದ್ಧದ ಹಡಗು, ಸುತ್ತ ಸಣ್ಣ ದೋಣಿಗಳು. ಹಡಗಿನಿಂದ ತೋಪು ಹಾರಿದೆ, ಹೊಗೆ ನೀರಿನ ಮೇಲೆ ಉರುಳುತ್ತಿದೆ. ಇಷ್ಟಾದರೂ ನೀರು ಮಾತ್ರ ಮಿಸುಕಾಡಿಲ್ಲ.

ಇಂಥ ಚಿತ್ರ ನೋಡಿದವರು ಸಾಮಾನ್ಯವಾಗಿ “ಎಷ್ಟು ಪ್ರಶಾಂತ!” ಅಂತಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ಆ ಹಾಯಿಗಳನ್ನು ನೋಡಿ, ಒಗೆದು ಹರವಿದ ಪಂಚೆಯ ಹಾಗೆ ಜೋತುಬಿದ್ದಿವೆ. ಅಂದರೆ ಗಾಳಿ ಇಲ್ಲ. ಹಾಯಿ ಹಡಗಿಗೆ ಗಾಳಿ ಇಲ್ಲ ಅಂದರೆ ನಮ್ಮ ಪಂಪ್‌ಸೆಟ್ಟಿಗೆ ಕರೆಂಟ್ ಇಲ್ಲ ಅಂದ ಹಾಗೆ. ಪೂರ್ವದ ಕಡೆ ಹೊರಟ ಡಚ್ ಹಡಗುಗಳು ಟೆಕ್ಸೆಲ್ ದ್ವೀಪದ ಹತ್ತಿರ ಲಂಗರು ಹಾಕಿ, ಸರಿಯಾದ ಗಾಳಿಗಾಗಿ ವಾರಗಟ್ಟಲೆ ಕಾಯುತ್ತಿದ್ದವು. ಆ ಹೊತ್ತಲ್ಲಿ ನಾವಿಕರು ಹಾಯಿ ಬಿಚ್ಚಿ ಒಣಗಿಸೋರು, ಯಾಕೆಂದರೆ ನಾರಿನ ಬಟ್ಟೆ ಒದ್ದೆಯಾಗಿದ್ದರೆ ಕೊಳೆಯುತ್ತೆ. ಹಾಗಾಗಿ ನಮಗೆ ಧ್ಯಾನದ ಹಾಗೆ ಕಾಣೋದು ಆ ಕಾಲದ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿಗೆ ಲೆಕ್ಕದ ಪುಸ್ತಕದ ಹಾಗೆ ಕಂಡಿರಬೇಕು.

ನಿಂತ ನೀರನ್ನು ಲೆಕ್ಕ ಹಾಕಿ ನೋಡೋದು ನಮಗೇನೂ ಹೊಸತಲ್ಲ. ಕುಣಿಗಲ್ ದೊಡ್ಡಕೆರೆಯ ಮೇಲೆ ಕಟ್ಟಿದ ಜನಪದ ಹಾಡು ನಾಡಿಗೆಲ್ಲ ಗೊತ್ತು, ಅದರಲ್ಲಿ ಕೆರೆ ಚೆಲುವೆ. ಏರಿ ಮೇಲೆ ನಿಂತ ರೈತನನ್ನು ಕೇಳಿ ನೋಡಿ, ಅವನು ಚೆಲುವಿನ ಸುದ್ದಿ ಎತ್ತೋದಿಲ್ಲ. ತೂಬಿನ ಕಲ್ಲು ಎಷ್ಟು ಮುಳುಗಿದೆ, ಕೋಡಿ ಬೀಳೋಕೆ ಇನ್ನೆಷ್ಟು ಬೇಕು, ಒಂದು ಬೆಳೆಗಾಗುತ್ತೋ ಎರಡಕ್ಕೋ ಅಂತಾನೆ. ಗುಬ್ಬಿ ಸೀಮೆಯ ಕಡಬದ ಕೆರೆ ಮೇಲೆ ನಿಂತರೂ ಅದೇ ಮಾತು, ನಮ್ಮ ಅಮಾನಿಕೆರೆ ಮೇಲೆ ನಿಂತರೂ ಅದೇ. ಡಚ್ಚರ ಚಿತ್ರ ನೋಡೋದಕ್ಕೆ ಬೇಕಾದ ಕಣ್ಣು ಈ ರೈತನದು. ಕಲಾ ಪುಸ್ತಕ ಓದಿದ ಕಣ್ಣು ಆಮೇಲೆ ಬಂದರೂ ಸಾಕು.

ಇನ್ನೊಂದು ನಂಟೂ ಇದೆ. ನಾವು ಏರಿ ಕಟ್ಟೋದು ನೀರನ್ನು ಒಳಗೆ ಹಿಡಿದಿಡೋದಕ್ಕೆ, ಡಚ್ಚರು ಕಟ್ಟಿದ್ದು ಹೊರಗೆ ತಡೆಯೋದಕ್ಕೆ. ಅವರ ನೆಲದಲ್ಲಿ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. 1612ರಲ್ಲಿ ಬೀಮ್‌ಸ್ಟರ್ ಅನ್ನೋ ದೊಡ್ಡ ಸರೋವರಕ್ಕೆ ಸುತ್ತ ಏರಿ ಹಾಕಿ, ಗಾಳಿಯಂತ್ರಗಳಿಂದ ನೀರೆತ್ತಿ ಬರಿದು ಮಾಡಿ ಬೇಸಾಯ ಮಾಡಿದರು. ನಮ್ಮಲ್ಲಿ ಕೆರೆ ಬತ್ತಿದರೆ ಶಾಪ, ಅಲ್ಲಿ ಬತ್ತಿಸಿದವನಿಗೆ ಸನ್ಮಾನ. ಅವರ ದೋಣಿಗಳೂ ಅಂಥ ಆಳವಿಲ್ಲದ ನೀರಿಗೆ ತಕ್ಕವು. ತಳ ಚಪ್ಪಟೆ, ಎರಡೂ ಪಕ್ಕಕ್ಕೆ ಆನೆಯ ಕಿವಿಯ ಹಾಗೆ ಒಂದೊಂದು ಹಲಗೆ. ಗಾಳಿ ಪಕ್ಕದಿಂದ ಬಂದಾಗ ದೋಣಿ ಅಡ್ಡ ಜಾರದಂತೆ ಆ ಹಲಗೆಯನ್ನು ನೀರಿಗೆ ಇಳಿಸುತ್ತಾರೆ. ಚಿತ್ರದಲ್ಲಿ ಅದನ್ನು ಎತ್ತಿ ಕಟ್ಟಿದ್ದರೆ, ಆ ದೋಣಿ ಸದ್ಯಕ್ಕೆ ಎಲ್ಲಿಗೂ ಹೊರಟಿಲ್ಲ ಅಂತ ತಿಳಿದುಕೊಳ್ಳಬಹುದು.

ಈಗ ಚಿತ್ರಕಾರನ ಕೈಚಳಕಕ್ಕೆ ಬರೋಣ. ಕಣ್ಣನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. ಇದು ಏರಿ ಮೇಲೆ ನಿಂತು ನೋಡಿದ ನೀರಲ್ಲ. ಮೆಟ್ಟಿಲಿಳಿದು, ನೀರಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡಿದ್ದು. ದಿಗಂತ ಕೆಳಗೆ ಇಳಿದಿದೆ, ಮೇಲಿನದೆಲ್ಲ ಆಕಾಶ. ಬಣ್ಣಗಳೂ ಕಡಿಮೆ, ಹೆಚ್ಚಿನದು ಬೂದಿ, ಕಂದು, ಬೆಣ್ಣೆಯ ಬಿಳುಪು. ನಮ್ಮೂರ ಕ್ಯಾಲೆಂಡರಿನ ನೀಲಿ ಸಮುದ್ರ ಇಲ್ಲಿ ಸಿಗೋದಿಲ್ಲ.

ಪ್ರತಿಬಿಂಬದ ವಿಷಯ ಇನ್ನೂ ಸೂಕ್ಷ್ಮ. ನೀರೊಳಗಿನ ನೆರಳು ಅಂದರೆ ಮೇಲಿನದನ್ನೇ ತಲೆಕೆಳಗು ಮಾಡಿ ಬರೆಯೋದು ಅಂತ ನಾವೆಲ್ಲ ಶಾಲೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಅದು ತಪ್ಪು. ಕಪ್ಪಾದ ಹಡಗಿನ ಮೈ ನೀರಲ್ಲಿ ಒಂದು ಕಳೆ ತಿಳಿಯಾಗಿ ಕಾಣುತ್ತೆ, ಬಿಳಿಯ ಹಾಯಿ ಒಂದು ಕಳೆ ಮಂಕಾಗಿ ಕಾಣುತ್ತೆ. ಕೆರೆ ದಡದ ತೆಂಗಿನ ಮರ, ಬಿಳಿ ಕೊಕ್ಕರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿಮಗೇ ತಿಳಿಯುತ್ತೆ. ನೀರು ನಮಗಿಂತ ಕೆಳಗಿನಿಂದ ನೋಡೋದರಿಂದ, ನಮಗೆ ಕಾಣದ ದೋಣಿಯ ಅಂಚಿನ ಅಡಿ ಅದಕ್ಕೆ ಕಾಣುತ್ತೆ. ವೆಲ್ಡೆ ಇದನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಬರೆದಿದ್ದಾನೆ.

ಅಷ್ಟು ಸೂಕ್ಷ್ಮವಾದ ಕಣ್ಣು ಬಂದದ್ದು ಎಲ್ಲಿಂದ? ಅಪ್ಪನಿಂದ. ಅಪ್ಪನ ಹೆಸರೂ ವಿಲ್ಲೆಮ್ಮೇ. ಹುಟ್ಟಿದ್ದು 1611ರಲ್ಲಿ. ಸಮುದ್ರ ಯುದ್ಧ ನಡೆಯುವಾಗ ಸಣ್ಣ ಹಡಗಿನಲ್ಲಿ ಅದರ ನಡುವೆಯೇ ಹೋಗಿ, ಗುಂಡು ಹಾರುತ್ತಿರುವಂತೆಯೇ ಸ್ಕೆಚ್ ಹಾಕಿಕೊಂಡು ಬರುತ್ತಿದ್ದ ಆಸಾಮಿ. ಇಂದಿನ ಯುದ್ಧ ವರದಿಗಾರನ ಮುತ್ತಾತ ಅನ್ನಿ. 1633ರಲ್ಲಿ ಹುಟ್ಟಿದ ಮಗ, ಸಮುದ್ರ ಚಿತ್ರಕಾರ ಸೈಮನ್ ಡಿ ವ್ಲೀಗರ್ ಹತ್ತಿರವೂ ಕಲಿತ. 1672ರಲ್ಲಿ ಹಾಲೆಂಡಿನ ಮೇಲೆ ಇಂಗ್ಲೆಂಡೂ ಫ್ರಾನ್ಸೂ ಒಟ್ಟಿಗೆ ಏರಿಬಂದಾಗ ಅಲ್ಲಿ ಚಿತ್ರ ಕೊಳ್ಳೋರೇ ಇಲ್ಲವಾದರು. ಅಪ್ಪ ಮಗ ಇಬ್ಬರೂ ಹೋಗಿದ್ದು ಎಲ್ಲಿಗೆ? ಅದೇ ಶತ್ರುವಿನ ಮನೆಗೆ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ 1674ರಲ್ಲಿ ಇಬ್ಬರಿಗೂ ವರ್ಷಕ್ಕೆ ನೂರು ನೂರು ಪೌಂಡ್ ಗೊತ್ತು ಮಾಡಿದ. ಅಪ್ಪ ಗೆರೆ ಹಾಕಬೇಕು, ಮಗ ಬಣ್ಣ ತುಂಬಬೇಕು. ಇದನ್ನು ದ್ರೋಹ ಅನ್ನೋರಿದ್ದಾರೆ. ಆಸ್ಥಾನದಿಂದ ಆಸ್ಥಾನಕ್ಕೆ ಹೋದ ನಮ್ಮ ಕಲಾವಿದರ ಕಥೆ ಬಲ್ಲ ನಾನು ಹಾಗನ್ನಲಾರೆ, ಹೊಟ್ಟೆಪಾಡು.

ಆದರೆ ನನ್ನ ಮನಸ್ಸು ಹೆಚ್ಚು ಒಲಿಯೋದು ಯಾನ್ ವಾನ್ ಡೆ ಕಪೆಲ್ಲೆ ಅನ್ನೋ ಇನ್ನೊಬ್ಬ ಚಿತ್ರಕಾರನ ಕಡೆಗೆ. ಈತ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಯ ಸಾಹುಕಾರ. ಯಾರ ಹತ್ತಿರವೂ ಕಲಿಯಲಿಲ್ಲ, ಮಾರಿ ಬದುಕಬೇಕಾದ ಗರಜೂ ಇರಲಿಲ್ಲ. ಓಡಾಡೋಕೆ ಸ್ವಂತ ದೋಣಿ ಇತ್ತು. 1679ರಲ್ಲಿ ತೀರಿಕೊಂಡಾಗ ಮನೆಯಲ್ಲಿ ರೆಂಬ್ರಾಂಟನದೇ ಸುಮಾರು 500 ರೇಖಾಚಿತ್ರ ಸಿಕ್ಕವು. ಇವನ ಗಾಳಿಯಿಲ್ಲದ ನೀರಿನಲ್ಲಿ ಮೋಡ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ಹೇಳೋಕಾಗಲ್ಲ. ವೆಲ್ಡೆ ಹಡಗನ್ನು ಬಲ್ಲವನು, ಕಪೆಲ್ಲೆ ತೇವವನ್ನು ಬಲ್ಲವನು.

ಕನ್ನಡ ನೆಲಕ್ಕೂ ಡಚ್ಚರ ಕಲೆಯ, ವ್ಯಾಪಾರದ ಎಳೆ ತಾಗಿದೆ. 17ನೇ ಶತಮಾನದ ಆರಂಭದಲ್ಲಿ ಹಾರ್ಲೆಮ್ ಪಟ್ಟಣದ ಕೊರ್ನೆಲಿಸ್ ಹೇಡಾ ಅನ್ನೋ ಚಿತ್ರಕಾರ ಬಿಜಾಪುರಕ್ಕೆ ಬಂದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಕರಾವಳಿಯ ಬಸ್ರೂರಿನಿಂದ ಕೆಳದಿ ನಾಯಕರ ಸೀಮೆಯ ಅಕ್ಕಿ, ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಅದೇ ಕಂಪನಿ 1621ರಲ್ಲಿ ಜಾಯಿಕಾಯಿಗಾಗಿ ಬಾಂದಾ ದ್ವೀಪಗಳ ಜನರನ್ನು ಕೊಂದು ಬರಿದು ಮಾಡಿತು. ಈ ಚಿತ್ರಗಳನ್ನು ಮೆಚ್ಚುವಾಗ ನಾನು ಅದನ್ನು ಮರೆಯೋದಿಲ್ಲ, ನೀವೂ ಮರೆಯಬೇಡಿ.

ಗುಬ್ಬಿಯವರು ಯಾರಾದರೂ ಬಂದಿದ್ದರೆ ಒಂದು ಮಾತು. 1884ರಲ್ಲಿ ನಿಮ್ಮೂರಲ್ಲಿ ಹುಟ್ಟಿ, ಆಮೇಲೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಹೆಸರಾದ ನಾಟಕ ಕಂಪನಿಯ ಬೀದಿ ಸೀನು, ಅರಮನೆ ಸೀನು, ಕಾಡಿನ ಸೀನು ನೆನೆಸಿಕೊಳ್ಳಿ. ಈ ಚಿತ್ರಗಳ ಹಾಗೆಯೇ ಚಪ್ಪಟೆ ಬಟ್ಟೆಯ ಮೇಲೆ ದೂರ ತೋರಿಸೋ ಆ ವಿದ್ಯೆ ಯುರೋಪಿನ ರಂಗದಿಂದ ಪಾರ್ಸಿ ಕಂಪನಿಗಳ ಮೂಲಕ ನಮಗೆ ಬಂದದ್ದು. ಮುಂದಿನ ಸಾಲಿನ ಚಾಪೆಯಲ್ಲಿ ಕೂತು ಆ ಪರದೆಗಳನ್ನು ನಂಬಿದ ನಮ್ಮ ಅಜ್ಜಂದಿರಿಗೆ ಈ ಡಚ್ ಚಿತ್ರ ತೋರಿಸಿದ್ದರೆ ಒಂದಿಷ್ಟೂ ಕಕ್ಕಾಬಿಕ್ಕಿಯಾಗುತ್ತಿರಲಿಲ್ಲ.

ಇಷ್ಟು ಹೇಳಿ ಒಂದು ಕೆಲಸ ಒಪ್ಪಿಸುತ್ತೇನೆ. ರೈಕ್ಸ್‌ಮ್ಯೂಸಿಯಂ ಈ ಚಿತ್ರವನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಬಿಟ್ಟಿದೆ, ಮೊಬೈಲಿಗೆ ಇಳಿಸಿಕೊಳ್ಳಿ. ಬೆಳಿಗ್ಗೆ ಬಿಸಿಲು ಏರಿ ಗಾಳಿ ಏಳುವ ಮುಂಚೆ ಅಮಾನಿಕೆರೆಗೋ ಕುಣಿಗಲ್ ಕೆರೆಗೋ ಹೋಗಿ, ಮೀನು ಹಿಡಿಯೋರ ತೆಪ್ಪವೋ ಹರಿಗೋಲೋ ಕಂಡರೆ, ನೀರಂಚಿನಲ್ಲಿ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹರಿಗೋಲಿನ ಕಪ್ಪು ನೀರಲ್ಲಿ ತಿಳಿಯಾಗಿದೆಯೋ ಇಲ್ಲವೋ, ಮುಂದಿನ ತಿಂಗಳ ಉಪನ್ಯಾಸಕ್ಕೆ ಬಂದಾಗ ನನಗೆ ಹೇಳಿ.