ವಿಲ್ಕ್ಯಾನಿಯಾ: ನದಿಯವರ ಊರಲ್ಲಿ ನೀರಿನ ಲೆಕ್ಕ

ಇವತ್ತು ಟ್ರಾವೆಲ್ ಎಪಿಸೋಡ್. ಆಸ್ಟ್ರೇಲಿಯಾಗೆ ಹೋಗ್ತಿದ್ದೀವಿ. ಆದ್ರೆ ಒಪೆರಾ ಹೌಸ್ ಇಲ್ಲ, ಬೀಚ್ ಇಲ್ಲ, ಮೆಲ್ಬರ್ನ್ ಕಾಫಿನೂ ಇಲ್ಲ. ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 950 ಕಿಲೋಮೀಟರ್, ಅಂದ್ರೆ ಹೆಚ್ಚೂಕಮ್ಮಿ ಬೆಂಗಳೂರಿಂದ ಮುಂಬೈಗೆ ಹೋದಷ್ಟು ದೂರ ಒಳಗೆ ಹೋದರೆ ಡಾರ್ಲಿಂಗ್ ನದಿ ದಡದಲ್ಲಿ ಒಂದು ಪುಟ್ಟ ಊರು ಸಿಗುತ್ತೆ. ಹೆಸರು ವಿಲ್ಕ್ಯಾನಿಯಾ. ಜನಸಂಖ್ಯೆ ಸಾವಿರವೂ ಇಲ್ಲ. ಅದರಲ್ಲಿ ಹೆಚ್ಚಿನವರು ಬಾರ್ಕಿಂಜಿ ಅನ್ನೋ ಮೂಲನಿವಾಸಿ ಸಮುದಾಯದವರು.

ಈ ಹೈವೇಯಲ್ಲಿ ಹೋಗೋರು ಬಹಳಷ್ಟು ಜನ ಇಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗಿಬಿಡ್ತಾರೆ. ‘ಅಲ್ಲೇನಿದೆ ನೋಡೋಕೆ?’ ಅನ್ನೋದು ಸಾಮಾನ್ಯ ಪ್ರಶ್ನೆ. ಅಲ್ಲಿ ನೋಡಬೇಕಾದ್ದು ಒಂದು ನದಿ, ಮತ್ತು ಆ ನದಿಯ ನೀರು ಯಾರ ಲೆಕ್ಕಕ್ಕೆ ಹೋಯ್ತು ಅನ್ನೋದು. ಅದನ್ನ ಅರ್ಥ ಮಾಡಿಕೊಂಡರೆ ಸುತ್ತಲಿನ ನೂರಾರು ಕಿಲೋಮೀಟರ್ ಪ್ರದೇಶ ಖಾಲಿ ಅಂತ ಅನ್ನಿಸೋದೇ ಇಲ್ಲ.

ಮೊದಲು ದಾರಿ ಹೇಳ್ತೀನಿ. ಸುಲಭ ಅಂದ್ರೆ ಬ್ರೋಕನ್ ಹಿಲ್‌ನಿಂದ ಹೊರಡೋದು. ಅದು ಬೆಳ್ಳಿ, ಸೀಸ, ಸತುವಿನ ಗಣಿ ಊರು. ಶೇರು ಮಾರ್ಕೆಟ್ ನೋಡೋರಿಗೆ ಬಿಎಚ್‌ಪಿ ಹೆಸರು ಗೊತ್ತಿರುತ್ತೆ. ಅದರ ಮೂಲ ಹೆಸರು ಬ್ರೋಕನ್ ಹಿಲ್ ಪ್ರೊಪ್ರೈಟರಿ. 1885ರಲ್ಲಿ ಹುಟ್ಟಿದ್ದು ಈ ಗಣಿಗೋಸ್ಕರಾನೇ. ಅಲ್ಲಿಂದ ಬ್ಯಾರಿಯರ್ ಹೈವೇ ಹಿಡಿದು ಪೂರ್ವಕ್ಕೆ ಸುಮಾರು 195 ಕಿಲೋಮೀಟರ್ ಹೋದ್ರೆ ವಿಲ್ಕ್ಯಾನಿಯಾ. ಪೂರ್ತಿ ಟಾರ್ ರಸ್ತೆ. ನಡುವೆ ಊರು ಅನ್ನೋ ಥರದ್ದು ಒಂದೂ ಇಲ್ಲ. ಕೆಂಪು ಮಣ್ಣು, ಬೂದುಹಸಿರು ಪೊದೆ, ಆಗಾಗ ರಸ್ತೆ ದಾಟೋ ಎಮು.

ಇನ್ನೊಂದು ತಮಾಷೆ ಕೇಳಿ. ಬ್ರೋಕನ್ ಹಿಲ್ ಇರೋದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಆದ್ರೆ ಗಡಿಯಾರ ನಡೆಯೋದು ಪಕ್ಕದ ಸೌತ್ ಆಸ್ಟ್ರೇಲಿಯಾದ ಟೈಮಿಗೆ. ವಿಲ್ಕ್ಯಾನಿಯಾ ತಲುಪೋ ಹೊತ್ತಿಗೆ ಫೋನಿನ ಗಡಿಯಾರ ಅರ್ಧ ಗಂಟೆ ಮುಂದಕ್ಕೆ ಹೋಗಿರುತ್ತೆ. ಊಟಕ್ಕೆ ಅಂತ ಲೆಕ್ಕ ಹಾಕಿ ಹೋದ್ರೆ ಅಂಗಡಿ ಮುಚ್ಚಿರಬಹುದು. ಹುಷಾರು.

ಊರೊಳಗೆ ಬಂದ ಕೂಡಲೇ ಕಣ್ಣಿಗೆ ಬೀಳೋದು ಕಟ್ಟಡಗಳು. ಇಷ್ಟು ಸಣ್ಣ ಊರಿಗೆ ಸರಿಹೊಂದದ ಥರ ದೊಡ್ಡ ದೊಡ್ಡ ಮರಳುಗಲ್ಲಿನ ಕಟ್ಟಡಗಳು. ಪೋಸ್ಟ್ ಆಫೀಸ್, ಕೋರ್ಟು, ಉಗ್ರಾಣ. ಯಾಕೆ ಅಂದ್ರೆ ಒಂದು ಕಾಲಕ್ಕೆ ಇದು ಬಂದರು. ಸಮುದ್ರ ನೂರಾರು ಕಿಲೋಮೀಟರ್ ದೂರ ಇದ್ದರೂ ಬಂದರು! 1880ರ ದಶಕದಲ್ಲಿ ಸುತ್ತಲಿನ ಕುರಿ ಫಾರಂಗಳ ಉಣ್ಣೆಯನ್ನ ಎತ್ತಿನ ಗಾಡಿ, ಒಂಟೆಗಳ ಮೇಲೆ ಇಲ್ಲಿಗೆ ತಂದು, ಚಕ್ರದ ಸ್ಟೀಮರ್‌ಗಳಿಗೆ ತುಂಬಿ, ಡಾರ್ಲಿಂಗ್‌ನಿಂದ ಮರ್ರೆ ನದಿಗೆ, ಅಲ್ಲಿಂದ ಸಮುದ್ರದ ಕಡೆಗೆ ಕಳಿಸ್ತಿದ್ರು. 1887ರ ಒಂದೇ ವರ್ಷ ಇನ್ನೂರಕ್ಕೂ ಹೆಚ್ಚು ಸ್ಟೀಮರ್‌ಗಳು ಇಲ್ಲಿ ಸರಕು ತುಂಬಿಕೊಂಡವು. ‘ಪಶ್ಚಿಮದ ರಾಣಿ ನಗರ’ ಅಂತ ಕರೀತಿದ್ದರಂತೆ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರ ಕಿರಿಯ ಮಗ ಎಡ್ವರ್ಡ್ ಇಲ್ಲಿ ಬಂದು ನೆಲೆಸಿ, 1889ರಲ್ಲಿ ಈ ಕ್ಷೇತ್ರದ ಶಾಸಕನೂ ಆದ.

ಆ ಒಂಟೆಗಳ ಹಿಂದೆ ಬಂದವರನ್ನ ಆಸ್ಟ್ರೇಲಿಯನ್ನರು ಒಟ್ಟಾಗಿ ‘ಅಫ್ಘಾನ್’ ಅಂತ ಕರೆದರು. ನಿಜವಾಗಿ ಅವರಲ್ಲಿ ಎಷ್ಟೋ ಜನ ಆಗಿನ ಬ್ರಿಟಿಷ್ ಇಂಡಿಯಾದ ಪಂಜಾಬ್, ಸಿಂಧ್, ಬಲೂಚಿಸ್ತಾನ ಕಡೆಯವರು. ಬ್ರೋಕನ್ ಹಿಲ್‌ನಲ್ಲಿ ಅವರು ತಗಡಿನಲ್ಲಿ ಕಟ್ಟಿದ ಪುಟ್ಟ ಮಸೀದಿ ಇವತ್ತಿಗೂ ಇದೆ, ಮ್ಯೂಸಿಯಂ ಆಗಿ. ಹೋದರೆ ತಪ್ಪದೇ ನೋಡಿ.

ನದಿಗೆ ಅಡ್ಡಲಾಗಿ ಹಳೆಯ ಕಬ್ಬಿಣದ ಸೇತುವೆ ಇದೆ. 1896ರದ್ದು. ಸ್ಟೀಮರ್ ಬಂದಾಗ ಅದರ ಮಧ್ಯದ ಭಾಗವನ್ನ ಲಿಫ್ಟ್ ಥರ ಮೇಲಕ್ಕೆ ಎತ್ತಬಹುದಿತ್ತು. ಈಗ ವಾಹನಗಳಿಗೆ ಪಕ್ಕದಲ್ಲೇ ಹೊಸ ಸೇತುವೆ. ವಿಚಿತ್ರ ಏನಂದ್ರೆ ಸೇತುವೆ ತಯಾರಾಗೋ ಹೊತ್ತಿಗೆ ಆ ವ್ಯಾಪಾರಕ್ಕೆ ಪೆಟ್ಟು ಬೀಳೋಕೆ ಶುರುವಾಗಿತ್ತು. ಮೇಲೆ ಬೋರ್ಕ್ ಊರಿಗೆ 1885ರಲ್ಲೇ ರೈಲು ಬಂದಿತ್ತು. ಡಾರ್ಲಿಂಗ್ ನದಿ ನಂಬಿಕೊಂಡು ಬಿಸಿನೆಸ್ ಮಾಡೋದು ಕಷ್ಟ. ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಕೆಸರು. ನೀರು ಇಳಿದರೆ ದೋಣಿ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಳ್ತಿತ್ತು. ರೈಲಿಗೆ ಆ ಸಮಸ್ಯೆ ಇಲ್ಲ. ಬಂಡವಾಳ ಆ ಕಡೆ ಹೋಯ್ತು, ಊರು ಕುಗ್ಗಿತು.

ಆದ್ರೆ ಈ ಊರಿನ ಕಥೆ ಸ್ಟೀಮರ್‌ನಿಂದ ಶುರುವಾಗಲ್ಲ. ‘ಡಾರ್ಲಿಂಗ್’ ಅಂದ್ರೆ ಪ್ರೀತಿಯ ಹೆಸರು ಅಂದ್ಕೋಬೇಡಿ. 1829ರಲ್ಲಿ ಚಾರ್ಲ್ಸ್ ಸ್ಟರ್ಟ್ ಅನ್ನೋ ಅನ್ವೇಷಕ ನದಿಗೆ ಆಗಿನ ಗವರ್ನರ್ ರಾಲ್ಫ್ ಡಾರ್ಲಿಂಗ್ ಹೆಸರು ಇಟ್ಟ. ಅದು ಬರಗಾಲ, ಅವನು ಕುಡಿಯೋಕೆ ಹೋದ್ರೆ ನೀರು ಉಪ್ಪು. ಆದ್ರೆ ಅಲ್ಲಿದ್ದವರಿಗೆ ನದಿಗೆ ಹೆಸರು ಮೊದಲೇ ಇತ್ತು: ಬಾಕಾ. ಬಾರ್ಕಿಂಜಿ ಅನ್ನೋ ಪದ ಬಂದಿದ್ದೂ ಅದರಿಂದಲೇ. ಬಾರ್ಕಿಂಜಿ ಅಂದ್ರೆ ‘ನದಿಯವರು’. ಸುಮ್ನೆ ಯೋಚಿಸಿ, ನಿಮ್ಮ ಸಮುದಾಯದ ಹೆಸರೇ ಒಂದು ನದಿ. ಆ ನದಿ ಒಣಗಿದರೆ?

ಈ ಪ್ರಶ್ನೆಗೆ ಮುಂಚೆ ಒಂದು ಹಾಡಿನ ವಿಷಯ. 2002ರಲ್ಲಿ ಈ ಊರಿನ ಶಾಲಾ ವಯಸ್ಸಿನ ಕೆಲವು ಹುಡುಗರು ‘ವಿಲ್ಕ್ಯಾನಿಯಾ ಮಾಬ್’ ಅಂತ ಹೆಸರಿಟ್ಟುಕೊಂಡು ‘ಡೌನ್ ರಿವರ್’ ಅನ್ನೋ ಹಿಪ್‌ಹಾಪ್ ಹಾಡು ಮಾಡಿದ್ರು. ವಿಷಯ ತುಂಬಾ ಸಿಂಪಲ್: ಬಿಸಿಲು ಜಾಸ್ತಿ ಆದ್ರೆ ನದಿಗೆ ಹೋಗೋದು, ಈಜೋದು, ಮೀನು ಹಿಡಿಯೋದು. ಇಡೀ ಆಸ್ಟ್ರೇಲಿಯಾದಲ್ಲಿ ಅದು ಫೇಮಸ್ ಆಯ್ತು. ಐದು ವರ್ಷ ಆದ್ಮೇಲೆ ಶ್ರೀಲಂಕಾ ತಮಿಳು ಮೂಲದ ಬ್ರಿಟಿಷ್ ಗಾಯಕಿ ಎಮ್‌.ಐ.ಎ. ತನ್ನ ‘ಕಾಲಾ’ ಆಲ್ಬಮ್‌ನಲ್ಲಿ ಅದನ್ನ ರೀಮಿಕ್ಸ್ ಮಾಡಿದಳು. ಅದರ ಹೆಸರಲ್ಲಿ ಮಾವಿನ ಉಪ್ಪಿನಕಾಯಿನೂ ಸೇರಿಕೊಂಡಿತು. ಈ ಎಪಿಸೋಡ್ ಮುಗಿದ ಮೇಲೆ ಎರಡನ್ನೂ ಕೇಳಿ. ಆ ಹಾಡಿನಲ್ಲಿ ನದಿ ಅಂದ್ರೆ ಮಕ್ಕಳ ಆಟದ ಮೈದಾನ, ಫ್ರಿಜ್, ಏಸಿ ಎಲ್ಲಾ.

ಈಗ ಲೆಕ್ಕದ ವಿಷಯಕ್ಕೆ ಬರೋಣ. ನಾನು ಬಿ.ಕಾಂ. ಓದಿದವನು, ಹಾಗಾಗಿ ಇದು ನನ್ನ ತಲೆ ಕೆಡಿಸಿದ ಭಾಗ.

ಮರ್ರೆ-ಡಾರ್ಲಿಂಗ್ ಜಲಾನಯನ ಪ್ರದೇಶ ಸುಮಾರು 10 ಲಕ್ಷ ಚದರ ಕಿಲೋಮೀಟರ್. ನಾಲ್ಕು ರಾಜ್ಯಗಳು ಹಂಚಿಕೊಂಡಿವೆ, ಜೊತೆಗೆ ರಾಜಧಾನಿ ಕ್ಯಾನ್ಬೆರಾ ಪ್ರದೇಶ. 1990ರ ದಶಕದಿಂದ ಅಲ್ಲಿ ನಡೆದ ಸುಧಾರಣೆಗಳಲ್ಲಿ ನೀರಿನ ಹಕ್ಕನ್ನ ಜಮೀನಿನಿಂದ ಬೇರೆ ಮಾಡಿದ್ರು. ಅಂದ್ರೆ ಜಮೀನು ಇಟ್ಟುಕೊಂಡು ನೀರನ್ನ ಮಾತ್ರ ಮಾರಬಹುದು, ಬಾಡಿಗೆ ಥರ ಒಂದು ವರ್ಷಕ್ಕೆ ಕೊಡಬಹುದು. ಶೇರು ಥರ ನೀರಿಗೂ ಮಾರ್ಕೆಟ್, ನೀರಿಗೂ ರೇಟು. ಥಿಯರಿ ಚೆನ್ನಾಗಿದೆ: ಯಾರು ನೀರಿನಿಂದ ಹೆಚ್ಚು ಮೌಲ್ಯ ಹುಟ್ಟಿಸ್ತಾರೋ ಅವರ ಹತ್ತಿರ ನೀರು ಹೋಗುತ್ತೆ.

ಆದ್ರೆ ಡಾರ್ಲಿಂಗ್ ಹುಟ್ಟೋದು ಉತ್ತರದ ಮಳೆಯಿಂದ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿದ್ದ ನೀರು ಸಪಾಟಾದ ಬಯಲಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹರಿದು ವಿಲ್ಕ್ಯಾನಿಯಾಗೆ ಬರಬೇಕು. ಮೇಲ್ಭಾಗದಲ್ಲಿ ದೊಡ್ಡ ಹತ್ತಿ ಫಾರಂಗಳು, ಅವುಗಳ ದೊಡ್ಡ ದೊಡ್ಡ ಕೆರೆಗಳು. ಅವರ ಹತ್ತಿರ ಲೈಸೆನ್ಸ್ ಇದೆ. ಆದ್ರೆ 2017ರಲ್ಲಿ ಎಬಿಸಿ ಟಿವಿಯ ‘ಫೋರ್ ಕಾರ್ನರ್ಸ್’ ಕಾರ್ಯಕ್ರಮ, ಮೇಲೆ ಲೆಕ್ಕಕ್ಕೆ ಸಿಗದ ನೀರೂ ಹೋಗ್ತಿದೆ ಅಂತ ವರದಿ ಮಾಡಿದ ಮೇಲೆ ದೊಡ್ಡ ಗಲಾಟೆ, ತನಿಖೆಗಳು ಆದವು. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರ ಗೋಳು ರಾಯಚೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ವಿಲ್ಕ್ಯಾನಿಯಾ ಮತ್ತು ಅದರ ಕೆಳಗಿನ ಮೆನಿಂಡಿ, ಇಡೀ ನದಿಗೇ ಟೇಲ್ ಎಂಡ್.

2018ರಿಂದ 2020ರ ಆರಂಭದವರೆಗೆ ಭಯಂಕರ ಬರ. ನದಿ ಹರಿಯೋದು ನಿಂತು ಗುಂಡಿಗಳಾಯ್ತು. ಮೆನಿಂಡಿಯಲ್ಲಿ 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಲಕ್ಷಾಂತರ ಮೀನು ಸತ್ತವು. ಹೇಗೆ ಅಂದ್ರೆ, ನಿಂತ ನೀರು, ಬಿಸಿಲು, ನೀಲಿ-ಹಸಿರು ಪಾಚಿ. ಮೇಲಿನ ಬಿಸಿ ಪದರದಲ್ಲಿ ಮಾತ್ರ ಆಮ್ಲಜನಕ, ಕೆಳಗಿನ ತಣ್ಣನೆ ನೀರಲ್ಲಿ ಇಲ್ಲವೇ ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಹವೆ ತಂಪಾದ್ರೆ ಎರಡೂ ಪದರ ಕಲೆಸಿಹೋಗುತ್ತೆ. ಮೀನಿಗೆ ಉಸಿರಾಡೋಕೆ ಜಾಗ ಇಲ್ಲ. ದಶಕಗಳಷ್ಟು ವಯಸ್ಸಾದ ಮರ್ರೆ ಕಾಡ್ ಮೀನುಗಳನ್ನ ಎತ್ತಿ ಹಿಡಿದು ಅಲ್ಲಿನವರು ಮಾಡಿದ ವಿಡಿಯೋ ದೇಶಾದ್ಯಂತ ಓಡಾಡಿತು. ಆಸ್ಟ್ರೇಲಿಯನ್ ವಿಜ್ಞಾನ ಅಕಾಡೆಮಿಯ ತಜ್ಞರು 2019ರ ಫೆಬ್ರವರಿಯಲ್ಲಿ ಕೊಟ್ಟ ವರದಿಯ ಸಾರ: ಬರ ಒಂದೇ ಕಾರಣ ಅಲ್ಲ, ಮೇಲಿಂದ ಎಳೆದುಕೊಂಡಿದ್ದು ಹೆಚ್ಚಾಗಿ ನದಿಯಲ್ಲಿ ಸಾಕಷ್ಟು ನೀರೇ ಉಳಿದಿರಲಿಲ್ಲ.

ಇನ್ನೊಂದು ವಾದವೂ ಇದೆ. ಮೆನಿಂಡಿ ಕೆರೆಗಳು ಆಳ ಇಲ್ಲ, ಅಲ್ಲಿ ನೀರು ಇಟ್ಟರೆ ಬಿಸಿಲಿಗೆ ಆವಿಯಾಗಿ ದಂಡ, ಅದಕ್ಕೆ ಬೇಗ ಬಳಸಿಬಿಡೋದು ಲಾಭ ಅಂತ. ಆವಿಯಾಗೋದು ನಿಜ. ಬ್ರೋಕನ್ ಹಿಲ್‌ಗೆ ಕುಡಿಯೋ ನೀರು ಕೊಡೋಕೆ ಮರ್ರೆ ನದಿಯಿಂದ 270 ಕಿಲೋಮೀಟರ್ ಪೈಪ್‌ಲೈನ್ ಕೂಡ ಹಾಕಿದ್ರು. ನಗರಕ್ಕೆ ನೀರು ಗ್ಯಾರಂಟಿ ಆಯ್ತು. ಆದ್ರೆ ಕೆರೆ ದಡದ ಜನರಿಗೆ ಭಯ ಏನಂದ್ರೆ, ನಗರಕ್ಕೆ ಈ ಕೆರೆ ಬೇಡವಾದ ಮೇಲೆ ಇದನ್ನ ತುಂಬಿಡಬೇಕು ಅಂತ ಯಾರು ಹಠ ಹಿಡೀತಾರೆ? ಬ್ಯಾಲೆನ್ಸ್ ಶೀಟ್‌ನಲ್ಲಿ ‘ನಷ್ಟ’ ಅಂತ ಬರೆದಿರೋ ನೀರೇ ಮೀನಿಗೆ, ಹಕ್ಕಿಗೆ, ದಡದ ದೊಡ್ಡ ರೆಡ್ ಗಮ್ ಮರಗಳಿಗೆ ಬದುಕು.

ನೀರು ಬಂದರೆ ಎಲ್ಲಾ ಸರಿಹೋಗುತ್ತಾ? ಅದೂ ಇಲ್ಲ. 2022ರ ಕೊನೆಯಲ್ಲಿ ದೊಡ್ಡ ಪ್ರವಾಹ ಬಂತು, ಮೀನು ತುಂಬಾ ಮರಿ ಮಾಡಿದವು. ಪ್ರವಾಹ ಇಳಿದು, ಸೆಖೆ ಏರಿ, 2023ರ ಮಾರ್ಚ್‌ನಲ್ಲಿ ಮೆನಿಂಡಿಯಲ್ಲಿ ಮತ್ತೆ ಕೋಟಿಗಟ್ಟಲೆ ಮೀನು ಸತ್ತವು. ಒಮ್ಮೆ ಏರುಪೇರಾದ ನದಿ ಅಷ್ಟು ಬೇಗ ಸುಧಾರಿಸಲ್ಲ.

ಈಗ ಬಾರ್ಕಿಂಜಿಗಳ ಕಡೆ ನೋಡಿ. 1997ರಲ್ಲಿ ಅರ್ಜಿ ಹಾಕಿ 18 ವರ್ಷ ಕಾದ ಮೇಲೆ, 2015ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಅವರ ಮೂಲ ಹಕ್ಕನ್ನ ಒಪ್ಪಿಕೊಂಡಿತು. ಸುಮಾರು 1,28,000 ಚದರ ಕಿಲೋಮೀಟರ್ ವ್ಯಾಪ್ತಿ. ಕರ್ನಾಟಕದ ಮೂರರಲ್ಲಿ ಎರಡು ಭಾಗದಷ್ಟು. ದೊಡ್ಡ ಗೆಲುವು, ಅನುಮಾನ ಇಲ್ಲ. ಆದ್ರೆ ನೆಲದ ಹಕ್ಕು ಬೇರೆ, ನೀರಿನ ಲೈಸೆನ್ಸ್ ಬೇರೆ ಅಂತ ಆಗಲೇ ಹೇಳಿದೆ. ಮೀನು ಹಿಡಿಯಬಹುದು, ಮನೆಬಳಕೆಗೆ ನೀರು ತಗೋಬಹುದು. ಆದ್ರೆ ‘ಇಷ್ಟು ನೀರು ನದಿಯಲ್ಲಿ ಹರಿಯಲೇಬೇಕು’ ಅಂತ ಹೇಳೋ ಪವರ್ ಆ ತೀರ್ಪಿನ ಜೊತೆ ಬರಲಿಲ್ಲ. ನ್ಯೂ ಸೌತ್ ವೇಲ್ಸ್‌ನ ಈ ಜಲಾನಯನದಲ್ಲಿ ಮೂಲನಿವಾಸಿಗಳ ಸಂಸ್ಥೆಗಳ ಕೈಲಿರೋ ನದಿ ನೀರಿನ ಪಾಲು ಶೇಕಡಾ 1ಕ್ಕಿಂತ ಬಹಳ ಕಡಿಮೆ. ಒಂದು ಕಂಪನಿಗೆ ನಿಮ್ಮ ಹೆಸರೇ ಇಟ್ಟಿದ್ದಾರೆ, ಆದ್ರೆ ನಿಮ್ಮ ಹತ್ತಿರ ಶೇರೇ ಇಲ್ಲ. ನನಗೆ ಅರ್ಥ ಆಗಿದ್ದು ಹೀಗೆ.

ನಾನು ಹೋದಾಗ ನದಿಯಲ್ಲಿ ನೀರಿತ್ತು. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ದಡದ ಮರಗಳಲ್ಲಿ ಬಿಳಿ ಕಾಕಟೂಗಳ ಗಲಾಟೆ. ನೋಡಿದ ತಕ್ಷಣ ‘ಎಲ್ಲಾ ಚೆನ್ನಾಗಿದೆಯಲ್ಲ’ ಅನ್ನಿಸುತ್ತೆ. ದಡ ಎಷ್ಟು ಎತ್ತರ ಇದೆ, ನೀರು ಎಷ್ಟು ಕೆಳಗಿದೆ ಅಂತ ಸ್ವಲ್ಪ ಹೊತ್ತು ನಿಂತು ನೋಡಿ. ಆಮೇಲೆ ಗೊತ್ತಾಗುತ್ತೆ.

ಸುತ್ತಮುತ್ತ ಏನು ನೋಡಬಹುದು? ಉತ್ತರಕ್ಕೆ ನೂರು ಕಿಲೋಮೀಟರ್ ಒಳಗೆ ವೈಟ್ ಕ್ಲಿಫ್ಸ್. ಓಪಲ್ ಕಲ್ಲಿನ ಊರು. ಬಿಸಿಲಿಗೆ ಹೆದರಿ ಜನ ಗುಡ್ಡ ಕೊರೆದು ನೆಲದೊಳಗೆ ಮನೆ ಮಾಡ್ಕೊಂಡಿದ್ದಾರೆ. ಹೊರಗೆ 45 ಡಿಗ್ರಿ ಇದ್ರೂ ಒಳಗೆ 22ರ ಆಸುಪಾಸು. ಬ್ರೋಕನ್ ಹಿಲ್ ಕಡೆಯಿಂದ ಹೋದರೆ ಮುಟವಿಂಜಿ ರಾಷ್ಟ್ರೀಯ ಉದ್ಯಾನ. 1998ರಲ್ಲಿ ಅದನ್ನ ಮೂಲ ಒಡೆಯರಿಗೆ ವಾಪಸ್ ಕೊಟ್ರು, ರಾಜ್ಯದಲ್ಲೇ ಮೊದಲನೆಯದು. ಅಲ್ಲಿನ ಮುಖ್ಯ ಶಿಲಾಚಿತ್ರಗಳ ಜಾಗಕ್ಕೆ ಗೈಡ್ ಜೊತೆಗೆ ಮಾತ್ರ ಪ್ರವೇಶ. ಮೆನಿಂಡಿಗೆ ಸಿಡ್ನಿಯಿಂದ ವಾರಕ್ಕೊಂದು ರೈಲೂ ಇದೆ.

ಪ್ರಾಕ್ಟಿಕಲ್ ಮಾತು ನಾಲ್ಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಡಿಸೆಂಬರ್, ಜನವರಿ ಬೇಡವೇ ಬೇಡ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಕಾಂಗರೂ ನುಗ್ಗುತ್ತೆ. ಮಣ್ಣಿನ ರಸ್ತೆ ಮಳೆ ಬಂದ್ರೆ ಮುಚ್ಚುತ್ತಾರೆ. ‘ಮುಚ್ಚಿದೆ’ ಬೋರ್ಡ್ ದಾಟಿದ್ರೆ ದಂಡ ಜೋರು. ಊರು ಬಿಟ್ಟರೆ ಸಿಗ್ನಲ್ ಹೋಗುತ್ತೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಕುಡಿಯೋ ನೀರು ಬೇಕಾದ್ದಕ್ಕಿಂತ ಡಬಲ್ ಇಟ್ಕೊಳ್ಳಿ.

ಮತ್ತೆ, ವಿಲ್ಕ್ಯಾನಿಯಾದಲ್ಲಿ ಮುಚ್ಚಿದ ಅಂಗಡಿ, ಮುರಿದ ಕಿಟಕಿ ಕಾಣಿಸುತ್ತೆ. ಅದನ್ನ ಮಾತ್ರ ಶೂಟ್ ಮಾಡಿ ರೀಲ್ ಹಾಕೋದು ಸುಲಭ. ಬೇಡ. ಅಲ್ಲಿ ಜನ ಬದುಕ್ತಿದ್ದಾರೆ, ಅವರದೇ ಕಮ್ಯುನಿಟಿ ರೇಡಿಯೋ ನಡೆಸ್ತಿದ್ದಾರೆ. ಕಾರಿನಲ್ಲಿ ಟ್ಯೂನ್ ಮಾಡಿ. ಊರಲ್ಲೇ ಏನಾದ್ರೂ ಕೊಂಡುಕೊಳ್ಳಿ. ಕೇಳದೇ ಯಾರ ಫೋಟೋನೂ ತೆಗೀಬೇಡಿ. ನದಿ ಬಗ್ಗೆ ಕೇಳಿ, ಮಾತಾಡ್ತಾರೆ.

ಇಷ್ಟು ಇವತ್ತಿಗೆ. ಮುಂದಿನ ಸಲ ಯಾವುದಾದ್ರೂ ನದಿ ಸೇತುವೆ ಮೇಲೆ ಗಾಡಿ ನಿಲ್ಲಿಸಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ನೀರು ಇಲ್ಲಿಗೆ ಬರೋ ಮುಂಚೆ ಯಾರ ಕೈ ದಾಟಿ ಬಂತು, ಇಲ್ಲಿಂದ ಕೆಳಗೆ ಯಾರು ಕಾಯ್ತಿದ್ದಾರೆ?