ಮಾಲ್ಯವಂತದ ಬಂಡೆ



ಹೊಸಪೇಟೆಯಿಂದ ಹೊರಟು ವಿರೂಪಾಕ್ಷ ದೇವಾಲಯ, ಕಲ್ಲಿನ ರಥ ನೋಡಿ ಸಂಜೆಗೆ ಹಿಂದಿರುಗುವುದು ಹಂಪಿ ಪ್ರವಾಸದ ರೂಢಿ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದ ಮಾಲ್ಯವಂತ ಬೆಟ್ಟಕ್ಕೆ ಹೋಗುವವರು ಕಡಿಮೆ. ಸೀತೆಯನ್ನು ಹುಡುಕುತ್ತ ಬಂದ ರಾಮಲಕ್ಷ್ಮಣರು ಮಳೆಗಾಲವನ್ನು ಇಲ್ಲಿ ಕಳೆದರೆಂಬುದು ಜನರ ನಂಬಿಕೆ.

ಬೆಟ್ಟದ ಮೇಲಿನ ರಘುನಾಥ ದೇವಾಲಯ ವಿಜಯನಗರ ಕಾಲದ್ದು. ಗರ್ಭಗುಡಿಯನ್ನು ಹೊರಗಿನಿಂದ ನೋಡಿ. ಭಾರಿ ಬಂಡೆಯೊಂದು ಛಾವಣಿಯನ್ನು ದಾಟಿ ಮೇಲೆದ್ದಿದೆ. ಅದರ ನೆತ್ತಿಯ ಮೇಲೆ ಪುಟ್ಟ ಶಿಖರ. ಒಳಗೆ ದೇವರ ಮೂರ್ತಿಗಳನ್ನು ಆ ಬಂಡೆಯಲ್ಲೇ ಕಡೆದಿದ್ದಾರೆ. ಪ್ರಾಕಾರದ ಗೋಡೆಯ ಮೇಲೆ ಮೀನುಗಳ ಉಬ್ಬು ಚಿತ್ರಗಳಿವೆ. ದೇವಾಲಯದ ಹಿಂದೆ ಒಂದು ಚಿಕ್ಕ ಶಿವಾಲಯ; ಅದರ ಬಳಿ ಬಂಡೆಯಲ್ಲಿ ಉದ್ದನೆಯ ಸೀಳು. ಸೀಳಿನ ಎರಡೂ ಅಂಚಿನಲ್ಲಿ ಸಾಲಾಗಿ ಶಿವಲಿಂಗಗಳು, ನಂದಿಗಳು.

ಮೊದಲ ಸಲ ಚಿತ್ರೀಕರಣಕ್ಕೆ ಹೋದಾಗ ನಾವು ಸೂರ್ಯಾಸ್ತವನ್ನು ಮಾತ್ರ ಸೆರೆಹಿಡಿದು ಕ್ಯಾಮೆರಾ ಮಡಚಿದ್ದೆವು. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ, "ಸಾರ್, ಈ ಸೀಳು ಮನುಷ್ಯರು ಮಾಡಿದ್ದೋ, ತಾನೇ ಆಗಿದ್ದೋ?" ಎಂದು ಕೇಳಿದ. ವಿಜ್ಞಾನ ಓದಿದ್ದ ನನಗೂ ಆಗ ಉತ್ತರ ಹೊಳೆಯಲಿಲ್ಲ.

ಆಮೇಲೆ ತಿಳಿದುಕೊಂಡೆ. ಇಲ್ಲಿಯ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂಮಿಯ ಆಳದಲ್ಲಿ ಶಿಲಾರಸ ತಣಿದು ಅದು ಗಟ್ಟಿಯಾಯಿತು. ಮೇಲಿನ ಪದರಗಳು ಸವೆದು ಭಾರ ಇಳಿದಂತೆ ಶಿಲೆಯಲ್ಲಿ ಬಿರುಕುಗಳು ಬಿಟ್ಟವು. ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ಮೊದಲು ಕರಗಿಸಿತು. ಗುಂಡು ಬಂಡೆಗಳು ಉಳಿದವು. ಮಾಲ್ಯವಂತದ ಸೀಳೂ ಪ್ರಕೃತಿಯದೇ. ಮನುಷ್ಯ ಸೀಳಿದ ಕಲ್ಲಿನ ಗುರುತು ಬೇರೆ: ಅಂಚಿನಲ್ಲಿ ಬೆಣೆ ಬಡಿಯಲು ಕೊರೆದ ಕುಳಿಗಳ ಸಾಲು ಇರುತ್ತದೆ. ಹಂಪಿಯ ಎಷ್ಟೋ ಬಂಡೆಗಳ ಮೇಲೆ ಇದನ್ನು ಇಂದಿಗೂ ಕಾಣಬಹುದು.

ಅಂದರೆ, ಬಂಡೆ ಸೀಳುವ ವಿದ್ಯೆ ಆ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇಲ್ಲಿ ಬಂಡೆಯನ್ನು ಒಡೆದು ಜಾಗ ಮಾಡಿಕೊಳ್ಳಲಿಲ್ಲ. ಅದು ಇದ್ದಲ್ಲೇ ಗುಡಿ ಕಟ್ಟಿದರು. ಬಿರುಕನ್ನು ಮುಚ್ಚದೆ ಅದರ ಅಂಚಿನಲ್ಲೇ ಲಿಂಗಗಳನ್ನು ಕಡೆದರು.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ಮೊಳೆಯಿಂದ ಗೀಚಿದ ಹೆಸರನ್ನು ಅಳಿಸಲು ಹೋದರೆ ಕಲ್ಲೂ ಸವೆಯುತ್ತದೆ. ಮುಂದಿನ ಪ್ರವಾಸದಲ್ಲಿ ನಿಮ್ಮ ಮೇಷ್ಟ್ರನ್ನು ಕೇಳಿ, ಮಾಲ್ಯವಂತಕ್ಕೆ ಒಂದು ಗಂಟೆ ಇಡಿಸಿಕೊಳ್ಳಿ. ಯಾವ ಸೀಳು ಮನುಷ್ಯನದು, ಯಾವುದು ಪ್ರಕೃತಿಯದು ಎಂದು ನೀವೇ ಪರೀಕ್ಷಿಸಿ. ಹೆಸರು ಬರೆಯಬೇಕೆನಿಸಿದರೆ ನಿಮ್ಮ ನೋಟ್ ಪುಸ್ತಕದಲ್ಲಿ, ಕಂಡದ್ದರ ಜೊತೆಗೆ, ಬರೆದುಕೊಳ್ಳಿ.